ದೂರದರ್ಶಕದ ಕನ್ನಡಿ ಮೊದಲು ಆರಲಿ

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ಆಕಾಶ ವೀಕ್ಷಣೆ ಇಟ್ಟುಕೊಂಡಾಗ ಕತ್ತಲಾದ ಮೇಲೆ ದೂರದರ್ಶಕವನ್ನು ಕೋಣೆಯಿಂದ ತಾರಸಿಗೆ ತಂದು, ಕೂಡಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಗುರುಗ್ರಹದ ಪಟ್ಟೆಗಳು ಕಲಸಿಹೋದಂತೆ ಕಂಡರೆ ‘ಕೈಯಲ್ಲಿ ಉಜ್ಜಿದ ಕನ್ನಡಿ, ಇಷ್ಟೇ’ ಎನ್ನುತ್ತಾರೆ. ಬಹಳ ಸಲ ದೋಷ ಕೊಳವೆಯ ತಳದಲ್ಲಿ ಕೂತು ಬೆಳಕು ಕೂಡಿಸುವ ಆ ಕನ್ನಡಿಯದಲ್ಲ, ಅದರ ಗಾಜಿನಲ್ಲಿ ಉಳಿದ ಬಿಸಿಯದು.

ಸುತ್ತಲ ಗಾಳಿಗಿಂತ ಗಾಜು ಒಂದೆರಡು ಡಿಗ್ರಿ ಬೆಚ್ಚಗಿದ್ದರೂ ಅದರ ಮೇಲೆ ಬಿಸಿಗಾಳಿಯ ತೆಳು ಪದರ ಕೂತು ಹೊಯ್ದಾಡುತ್ತದೆ. ಬೆಳಕು ಅದನ್ನು ಎರಡು ಸಲ ದಾಟಬೇಕು, ಕನ್ನಡಿಗೆ ಹೋಗುವಾಗ ಒಮ್ಮೆ, ಮರಳುವಾಗ ಇನ್ನೊಮ್ಮೆ. ಮೈಸೂರಿನ ಮಾರ್ಚ್‌ನಲ್ಲಿ ಮಧ್ಯಾಹ್ನ 34 ಡಿಗ್ರಿಯಷ್ಟಿದ್ದದ್ದು ಬೆಳಗಿನ ಜಾವಕ್ಕೆ 20ರ ಆಸುಪಾಸಿಗೆ ಇಳಿಯುತ್ತದೆ. ದಪ್ಪ ಗಾಜು ಆ ವೇಗದಲ್ಲಿ ಆರದು. 25 ಮಿ.ಮೀ. ದಪ್ಪದ ಕನ್ನಡಿಗೆ ಸುಮ್ಮನೆ ಬಿಟ್ಟರೆ ಗಂಟೆಗೂ ಹೆಚ್ಚು ಬೇಕು. ಹಿಂಬದಿಯನ್ನು ಪ್ಲೈವುಡ್‌ನಿಂದ ಪೂರ್ತಿ ಮುಚ್ಚಿದ್ದರೆ ಇನ್ನೂ ತಡ. ಆರುವಾಗ ಅಂಚು ಮೊದಲು ತಣ್ಣಗಾಗುವುದರಿಂದ ಕನ್ನಡಿಯ ಆಕಾರವೂ ತುಸು ಕೆಡುತ್ತದೆ. ಬಿಸಿಗೆ ಕಡಿಮೆ ಹಿಗ್ಗುವ ಪೈರೆಕ್ಸ್ ಗಾಜಿಗಿಂತ ಸುಮಾರು ಮೂರು ಪಟ್ಟು ಹಿಗ್ಗುವ ಸಾದಾ ಗಾಜಿನಲ್ಲಿ ಇದು ಹೆಚ್ಚು.

ಪರೀಕ್ಷೆ ಸುಲಭ. ಎತ್ತರದಲ್ಲಿರುವ ಪ್ರಕಾಶಮಾನ ನಕ್ಷತ್ರವೊಂದನ್ನು ಹಿಡಿದು, ಬಿಲ್ಲೆಯಷ್ಟಾಗುವವರೆಗೆ ಫೋಕಸ್ ಕೆಡಿಸಿ. ಕೊಳವೆಯ ಬಾಯಿಯ ಕೆಳಗೆ ಅಂಗೈ ಒಡ್ಡಿದರೆ ಕೈಯ ಬಿಸಿ ಹೊಗೆಯಂತೆ ಏಳುವುದು ಬಿಲ್ಲೆಯಲ್ಲಿ ಕಾಣುತ್ತದೆ. ಕೈ ತೆಗೆದ ಮೇಲೂ ಅಂಥದೇ ನಿಧಾನದ ಸುರುಳಿ ಉಳಿದಿದ್ದರೆ ಬಿಸಿ ಕೊಳವೆಯೊಳಗಿದೆ. ಬಿಲ್ಲೆಗೆ ಅಡ್ಡಲಾಗಿ ಸರಸರನೆ ಹರಿಯುವ ಅಲೆಗಳು ಮಾತ್ರ ಮೇಲಿನ ವಾತಾವರಣದವು. ಅವಕ್ಕೆ ಯಾವ ಫ್ಯಾನೂ ಮದ್ದಲ್ಲ.

ಮದ್ದಿರುವುದಕ್ಕೆ ಹೆಚ್ಚು ಖರ್ಚಿಲ್ಲ. 12 ವೋಲ್ಟ್‌ನ 80 ಮಿ.ಮೀ. ಕಂಪ್ಯೂಟರ್ ಫ್ಯಾನನ್ನು ಕನ್ನಡಿಯ ಬೆನ್ನಿಗೆ ಊದುವಂತೆ ಕೂರಿಸಿ. ಸ್ಕ್ರೂ ಹಾಕಿ ಬಿಗಿದರೆ ಅದರ ನಡುಕ ಕನ್ನಡಿಗೆ ಹತ್ತಿ ನಕ್ಷತ್ರ ಗೆರೆಯಾಗುತ್ತದೆ, ಆದ್ದರಿಂದ ನಾಲ್ಕು ಮೂಲೆಗೂ ರಬ್ಬರ್ ಬ್ಯಾಂಡ್ ಕಟ್ಟಿ ತೂಗುಬಿಡಿ. ಮೊದಲು ಪೂರ್ಣ ವೇಗ. ನೋಡುವಾಗ ನಿಲ್ಲಿಸದೆ 6–7 ವೋಲ್ಟ್‌ಗೆ ಇಳಿಸಿ. ಇದರಿಂದ ಕನ್ನಡಿ ಗಾಳಿಯ ಜೊತೆಜೊತೆಗೇ ತಣಿಯುತ್ತದೆ, ಇಬ್ಬನಿ ಕೂರುವುದೂ ಕಡಿಮೆ. ಕೊಳವೆಯ ಒಳ ಅಗಲ ಕನ್ನಡಿಗಿಂತ 50 ಮಿ.ಮೀ.ನಷ್ಟು ಹೆಚ್ಚಿರಲಿ, ಗೋಡೆಗುಂಟ ಏಳುವ ಗಾಳಿ ಬೆಳಕಿನ ದಾರಿಗೆ ಬಾರದು. ತಗಡಿನ ಕೊಳವೆಗೆ ಒಳಗೆ ಕಾರ್ಕ್ ಹಾಳೆ ಅಂಟಿಸುವುದು ಒಳ್ಳೆಯದು.

ಕಾಂಕ್ರೀಟ್ ತಾರಸಿ ಹಗಲಿಡೀ ಹೀರಿದ ಬಿಸಿಯನ್ನು ರಾತ್ರಿ ಬಹಳ ಹೊತ್ತು ಬಿಡುತ್ತಿರುತ್ತದೆ. ಶಾಲೆಯ ಆಟದ ಮೈದಾನದ ಹುಲ್ಲು ಅದಕ್ಕಿಂತ ಎಷ್ಟೋ ಮೇಲು. ಮಂಡ್ಯದ ನಾಲೆ ಬಯಲಿನಲ್ಲಾದರೆ ಚಳಿಗಾಲದ ಇಬ್ಬನಿಗೆ, ಬೆಳಕನ್ನು ಪಕ್ಕದ ಕಣ್ಣುಮಸೂರಕ್ಕೆ ತಿರುಗಿಸುವ ಬಾಯಿಯ ಬಳಿಯ ಚಿಕ್ಕ ಕನ್ನಡಿ ಮಂಜಾಗದಂತೆ ಕೊಳವೆಯ ಬಾಯಿಗೆ ಕಪ್ಪು ರಟ್ಟಿನ ಸುತ್ತು ಹಾಕಿ ಉದ್ದ ಮಾಡಿಕೊಳ್ಳಬೇಕು.

ಕಾರ್ಯಕ್ರಮ ಏಳು ಗಂಟೆಗಿದ್ದರೆ ದೂರದರ್ಶಕ ಐದೂವರೆಗೇ ನೆರಳಿಗೆ ಬರಲಿ, ಫ್ಯಾನ್ ಓಡುತ್ತಿರಲಿ. ಸೂರ್ಯ ಮುಳುಗುವವರೆಗೆ ಬಾಯಿಗೆ ಬಿಸಿಲು ಬೀಳಕೂಡದು, ಒಳಗೆ ಬೆಂಕಿ ಹೊತ್ತೀತು. ಮಕ್ಕಳ ಸಾಲನ್ನು ಕೊಳವೆಯ ಬಾಯಿಯಿಂದ ದೂರ, ಗಾಳಿ ಬೀಸಿ ಹೋಗುವ ಕಡೆಗೆ ನಿಲ್ಲಿಸಿ.

– ಹವ್ಯಾಸಿ ದೂರದರ್ಶಕ ತಯಾರಕರು, ಮೈಸೂರು