ಏರಿನಲ್ಲೇ ಬಿಚ್ಚಿಕೊಳ್ಳುವ ಲೇಸು

ಪ್ರೀತಿಯ ಗೆಳೆಯಾ,

ಮೊದಲು ಸುದ್ದಿ. ಕಳೆದ ಭಾನುವಾರ ಸೈಕಲ್ಲಿನಲ್ಲಿ ಆಗುಂಬೆ ಹತ್ತಿದೆ. "ಇಳಿದು ತಳ್ಳಿದೆಯಾ?" ಅಂತ ನೀನು ಫೋನ್ ಮಾಡಿ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಹೌದು, ಎರಡು ತಿರುವು ತಳ್ಳಿದೆ.

ಬೆಳಗಿನ ಐದಕ್ಕೆ ಮಣಿಪಾಲದಿಂದ ಹನ್ನೊಂದು ಜನ ಹೊರಟೆವು. ಹೋಗಿಬರಲು ನೂರು ಕಿಲೋಮೀಟರ್ ಆಸುಪಾಸು. ನಕ್ಷೆ ನೋಡಿದರೆ ಸೋಮೇಶ್ವರದ ತನಕ ಸಪಾಟು, ಆಮೇಲಷ್ಟೇ ಘಾಟಿ ಅನ್ನಿಸುತ್ತದೆ. ಸಪಾಟು ಎಲ್ಲಿದೆ ಮಾರಾಯ! ಒಂದು ಮುರಕಲ್ಲಿನ ಗುಡ್ಡ ಹತ್ತಿ ಇಳಿದರೆ ಗದ್ದೆ, ಗದ್ದೆ ದಾಟಿದರೆ ಇನ್ನೊಂದು ಗುಡ್ಡ. ಹಿರಿಯಡ್ಕ ದಾಟಿ ಪುತ್ತಿಗೆ ಸೇತುವೆಗೆ ಬಂದಾಗ ಸ್ವರ್ಣಾ ನದಿಯ ಮೇಲೆ ಮಂಜು ಎಷ್ಟಿತ್ತೆಂದರೆ ಮುಂದಿನವನ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಪೆರ್ಡೂರಿನಲ್ಲಿ ಬೆಳಕು ಹರಿಯಿತು. ಹೆಬ್ರಿಯಲ್ಲಿ ಬನ್ಸ್ ತಿಂದೆವು. ಬನ್ಸ್ ಮುರಿಯುವಾಗ ನಿನ್ನ ಛತ್ರಿ ನೆನಪಾಗಿ ಒಬ್ಬನೇ ನಕ್ಕೆ. ಪಕ್ಕದವರು ಕೇಳಿದರು, ನಾನು ಹೇಳಲಿಲ್ಲ.

ಅಲ್ಲಿಯವರೆಗೆ ಸಾಲಿನ ನಡುವಿನಲ್ಲಿ ಸುಖವಾಗಿದ್ದೆ. ಮುಂದಿನವನು ಗಾಳಿ ಸೀಳುತ್ತಾನೆ, ಅವನ ಚಕ್ರಕ್ಕೆ ಅಂಟಿಕೊಂಡವನಿಗೆ ಶ್ರಮ ಉಳಿಯುತ್ತದೆ. ನನಗೆ ಅದನ್ನು ಕಲಿಸಿದವನೇ ನೀನು. ಸೀತಾನದಿ ಕಳೆದು ಸೋಮೇಶ್ವರದ ಕಾಡು ಶುರುವಾಯಿತು ನೋಡು, ಆ ಲೆಕ್ಕವೆಲ್ಲ ಮುಗಿಯಿತು. ಗಂಟೆಗೆ ಆರೇಳು ಕಿಲೋಮೀಟರ್ ವೇಗದಲ್ಲಿ ಸೀಳುವುದಕ್ಕೆ ಗಾಳಿಯೇ ಇರುವುದಿಲ್ಲ. ಯಾರ ಬೆನ್ನಿನ ಮರೆಯೂ ಪ್ರಯೋಜನಕ್ಕೆ ಬರುವುದಿಲ್ಲ. ಅವರವರ ಭಾರ ಅವರವರ ತೊಡೆಗೆ.

ಆಗುಂಬೆಯದು 14 ಹೇರ್‌ಪಿನ್ ತಿರುವು. ದೊಡ್ಡ ಬಸ್ಸುಗಳು ಹೊರಳಲಾರದೆ ಮಿನಿಬಸ್ಸುಗಳೇ ಓಡಾಡುವ ರಸ್ತೆ. ತಿರುವಿನ ಒಳಬದಿ ಕಡಿದಾಗಿರುತ್ತದೆ, ಹೊರಬದಿ ಹಿಡಿದರೆ ಕೊಂಚ ಹಗುರ. ಆದರೆ ಹೊರಬದಿಗೆ ಹೋಗಬೇಕೆಂದಾಗಲೇ ಮೇಲಿನಿಂದ ಮಿನಿಬಸ್ಸಿನ ಹಾರ್ನ್ ಕೇಳಿಸುತ್ತದೆ. ಮೂರನೆಯ ತಿರುವಿಗೆ ಗೇರ್ ಮುಗಿದುಹೋಯಿತು. ಅದಕ್ಕಿಂತ ಹಗುರದ್ದು ಇಲ್ಲವೆಂದು ಗೊತ್ತಿದ್ದೂ ಬೆರಳು ಲಿವರ್ ಒತ್ತುತ್ತಲೇ ಇತ್ತು. ಐದನೆಯದರಲ್ಲಿ ಬಲತೊಡೆ ಹಿಡಿದುಕೊಂಡಿತು. ಒದ್ದೆ ಬಟ್ಟೆಯನ್ನು ಹಿಂಡಿದ ಹಾಗೆ. ಕಾಲು ಮಡಚಲೂ ಆಗದು, ಚಾಚಲೂ ಆಗದು. ಇಳಿದೆ. ರಸ್ತೆಬದಿಯ ಕಟ್ಟೆಯ ಮೇಲೆ ಕೂತಿದ್ದ ಮಂಗ ನನ್ನನ್ನು ನೋಡಿ ಜಾಗ ಬಿಟ್ಟುಕೊಟ್ಟಿತು.

ಉಳಿದವರೆಲ್ಲ ಮೇಲೆ ಹೋಗಿಯಾಗಿತ್ತು, ಒಬ್ಬರನ್ನು ಬಿಟ್ಟು. ನಮ್ಮ ಗುಂಪಿನಲ್ಲಿ ಕೊನೆಗೆ ಬರುವವರಿಗೆ ಸ್ವೀಪ್ ಅನ್ನುತ್ತೇವೆ, ಯಾರನ್ನೂ ಹಿಂದೆ ಉಳಿಸದೆ ಗುಡಿಸಿಕೊಂಡು ಬರುವವರು. ಆ ದಿನದ ಸ್ವೀಪ್ ಒಬ್ಬ ಹೈಸ್ಕೂಲ್ ಟೀಚರ್. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ನನಗಿಂತ ಎಷ್ಟೋ ಚೆನ್ನಾಗಿ ಹತ್ತುವವರು. ಉಪ್ಪು ಸಕ್ಕರೆ ಕಲಸಿದ ನೀರು ಕೊಟ್ಟರು. "ನೀವು ಮುಂದೆ ಹೋಗಿ ಮೇಡಂ, ನಾನು ನಿಧಾನಕ್ಕೆ ಬರುತ್ತೇನೆ" ಅಂದೆ. "ನನಗೂ ಅವಸರ ಇಲ್ಲ, ಈ ಮರದ ಫೋಟೋ ತೆಗೀಬೇಕು" ಅಂದರು. ಮುಂದಿನ ತಿರುವಿನಲ್ಲೂ ಒಂದು ಮರ. ಅದರ ಮುಂದಿನದರಲ್ಲಿ ಜರಿಗಿಡ. ನಾನು ಏದುಸಿರು ಬಿಟ್ಟು ನಿಂತಲ್ಲೆಲ್ಲ ಅವರಿಗೆ ಫೋಟೋ ತೆಗೆಯುವಂಥದ್ದು ಏನಾದರೊಂದು ಸಿಗುತ್ತಿತ್ತು.

ಎಂಟನೆಯದೋ ಒಂಬತ್ತನೆಯದೋ ತಿರುವಿನಲ್ಲಿ ನಿನ್ನ ಶೂ ಲೇಸ್ ನೆನಪಾಯಿತು.

ನಾವು ಬೆಂಗಳೂರಿನಲ್ಲಿದ್ದ ಆ ನಾಲ್ಕು ವರ್ಷ, ಬೆಳಗಿನ ಜಾವ ಹೆಬ್ಬಾಳದಲ್ಲಿ ಸೇರಿ ನಂದಿಗೆ ಹೋಗುತ್ತಿದ್ದೆವಲ್ಲ, ಪ್ರತಿ ಏರಿನಲ್ಲೂ ನಿನ್ನ ಲೇಸ್ ಬಿಚ್ಚಿಕೊಳ್ಳುತ್ತಿತ್ತು. "ತಡಿ ಮಾರಾಯ, ಲೇಸು" ಅಂತ ನಿಲ್ಲುತ್ತಿದ್ದೆ. ನಾನೂ ನಿಲ್ಲುತ್ತಿದ್ದೆ, ಉಸಿರು ಎಳೆದುಕೊಳ್ಳುತ್ತಿದ್ದೆ. ಲೇಸಿಲ್ಲದ ಶೂ ತೆಗೆದುಕೋ ಅಂತ ಎಷ್ಟು ಸಲ ಗದರಿದ್ದೇನೆ! ದೇವನಹಳ್ಳಿಯ ಸಪಾಟು ರಸ್ತೆಯಲ್ಲಿ ಒಮ್ಮೆಯೂ ಬಿಚ್ಚಿಕೊಳ್ಳದ ಲೇಸು ಏರಿನಲ್ಲಷ್ಟೇ ಯಾಕೆ ಬಿಚ್ಚಿಕೊಳ್ಳುತ್ತಿತ್ತು ಎಂದು ಆಗುಂಬೆಯ ಘಾಟಿಯಲ್ಲಿ ಹೊಳೆಯಿತು, ಇಷ್ಟು ವರ್ಷದ ಮೇಲೆ.

ಅದರ ಹಿಂದೆಯೇ 2018ರ ಆ ಬೆಳಗೂ ನೆನಪಾಯಿತು. ನೀನು ಕಾಮಾಲೆಯಿಂದ ಎದ್ದು ಮೂರು ತಿಂಗಳಾಗಿತ್ತು, ನನಗೆ ಅದು ಗೊತ್ತಿತ್ತು. ಬೆಟ್ಟದ ಬುಡದಿಂದ ಎರಡು ಕಿಲೋಮೀಟರ್ ಹತ್ತುವಷ್ಟರಲ್ಲಿ ನಿನ್ನ ಸೈಕಲ್ಲು ಅತ್ತಿತ್ತ ಹೊಯ್ದಾಡುತ್ತಿದ್ದದ್ದನ್ನೂ ನೋಡಿದೆ. ಆದರೆ ನನ್ನ ಕಾಲು ಆ ದಿನ ಹಗುರವಾಗಿತ್ತು, 35 ನಿಮಿಷದೊಳಗೆ ನಂದಿ ಹತ್ತುವ ಹುಚ್ಚಿತ್ತು. "ಮೇಲೆ ಸಿಗೋಣ" ಅಂದೆ, ಹೋದೆ. ತಿರುಗಿ ನೋಡಲಿಲ್ಲ. 1,478 ಮೀಟರ್ ಎತ್ತರದಲ್ಲಿ ಬಿಸಿ ಚಹಾ ಕುಡಿದೆ, ಸೂರ್ಯೋದಯ ನೋಡಿದೆ, 34 ನಿಮಿಷದ ಚಿತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕಿದೆ. ನೀನು ಮುಕ್ಕಾಲು ಗಂಟೆ ತಡವಾಗಿ ಬಂದೆ. ಬಂದವನು ಮೊದಲು ಕೇಳಿದ್ದು "ಎಷ್ಟಾಯಿತು ನಿಂದು?" ಅಂತ. ನಾನು ಗಡಿಯಾರ ತೋರಿಸಿದೆ. ನೀನು ಬೆನ್ನು ತಟ್ಟಿದೆ. ನಿನಗೆ ಹೇಗಿದೆ ಅಂತ ನಾನು ಕೇಳಿದ ನೆನಪಿಲ್ಲ.

ಅದಾದ ಮೇಲೆ ನೀನು ಬೆಳಗಿನ ಸವಾರಿಗೆ ಬರುವುದು ಕಡಿಮೆಯಾಯಿತು, ಸೈಕಲ್ ಮಾರಿದೆ, ಧಾರವಾಡಕ್ಕೆ ಹೋದೆ. ಕೆಲಸದ ಕಾರಣ ಅಂತ ನಾನು ಎಲ್ಲರಿಗೂ ಹೇಳಿದೆ. ನನಗೂ ಹಾಗೇ ಹೇಳಿಕೊಂಡೆ.

ಇಷ್ಟನ್ನೆಲ್ಲ ಬರೆಯಬೇಕೆಂದು ಕೂತವನಲ್ಲ. ನಿನಗೊಬ್ಬನಿಗೇ ಕಳಿಸಬಹುದಿತ್ತು ಕೂಡ. ಆದರೆ ಆ 34 ನಿಮಿಷವನ್ನು ಊರಿಗೆಲ್ಲ ತೋರಿಸಿದ್ದೆನಲ್ಲ, ಅದರ ಮುಂದಿನ ಮುಕ್ಕಾಲು ಗಂಟೆಯೂ ಊರಿಗೆ ಗೊತ್ತಾಗಲಿ.

ಸಾಕು. ಮೇಲೆ ಸೂರ್ಯಾಸ್ತದ ಕಟ್ಟೆಯ ಹತ್ತಿರ ಒಂಬತ್ತೂ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ನಾವಿಬ್ಬರು ತಲುಪುವ ತನಕ ಯಾರೂ ಊರೊಳಗೆ ಹೋಗಿರಲಿಲ್ಲ. ಎಲ್ಲರೂ ಒಟ್ಟಿಗೆ ಹೋಗಿ ಕಷಾಯ ಕುಡಿದೆವು. ಟೀಚರ್ ತೆಗೆದ ಫೋಟೋಗಳನ್ನು ನೋಡಿದೆ. ಎಲ್ಲವೂ ನಿಜಕ್ಕೂ ಚೆನ್ನಾಗಿದ್ದವು, ಜರಿಗಿಡದ್ದಂತೂ ಬಹಳ.

ನಿನ್ನ ಕೈಪಂಪು ಇನ್ನೂ ನನ್ನ ಹತ್ತಿರವೇ ಇದೆ. ವಾಷರ್ ಹೊಸದು ಹಾಕಿಸಿದ್ದೇನೆ, ಈಗ ಗಾಳಿ ಸರಿಯಾಗಿ ಹೋಗುತ್ತದೆ. ಜನವರಿಯಲ್ಲಿ ನಾಲ್ಕು ದಿನ ರಜೆ ಹಾಕಿ ಬಾ. ನಿನ್ನ ಅಳತೆಯ ಸೈಕಲ್ ಒಂದನ್ನು ಇಲ್ಲಿ ಕೇಳಿಟ್ಟಿದ್ದೇನೆ. ಘಾಟಿಯೇನೂ ಬೇಡ, ಮಲ್ಪೆಯವರೆಗೆ ಹೋಗಿ ಸಮುದ್ರ ನೋಡಿ ಬರೋಣ, ವಾಪಸು ಬರುವಾಗ ಮಣಿಪಾಲದ ಏರು ಒಂದೇ. ಅಲ್ಲಿ ನೀನು ಮುಂದೆ ಹೋಗು.

ಬನ್ಸ್ ನನ್ನ ಲೆಕ್ಕ. ಛತ್ರಿ ಮಾತ್ರ ತರಬೇಡ.

ನಿನ್ನವ