ಉಳಿದ ಮರ

ಮಂಗಳೂರು
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ಗುರುವಾರ ಫೋನಿನಲ್ಲಿ ನಾನಾಡಿದ ಮಾತಿಗೆ ನಿನ್ನ ಅಮ್ಮ ಇನ್ನೂ ಮುನಿಸಿಕೊಂಡಿದ್ದಾಳೆ. ಅನ್ನ ಬಡಿಸುತ್ತಾಳೆ, ಸಾರು ಬೇಕೇ ಎಂದು ಕೇಳುವುದಿಲ್ಲ. ನೀನಂತೂ ಫೋನನ್ನೇ ಎತ್ತುತ್ತಿಲ್ಲ. ಹಾಗಾಗಿ ಕಾಗದ.

ನೀನು ಕೇಳಿದ್ದು ಅಜ್ಜನ ಸಲಕರಣೆ ಪೆಟ್ಟಿಗೆಯನ್ನು. ಕೆಲಸ ಬಿಟ್ಟೆ, ಮರಗೆಲಸ ಕಲಿಯುತ್ತೇನೆ, ಹಳೆಯ ಹಂಚಿನ ಮನೆಗಳ ಮಾಡು ರಿಪೇರಿ ಮಾಡುವವರ ಜೊತೆ ಸೇರುತ್ತೇನೆ ಎಂದೆ. ಅದಕ್ಕೆ ನಾನು, ಆ ಪೆಟ್ಟಿಗೆ ಅಜ್ಜನ ಹೊಟ್ಟೆಯನ್ನೇ ತುಂಬಿಸಲಿಲ್ಲ ಎಂದುಬಿಟ್ಟೆ. ಅಪ್ಪನನ್ನು ಮಣ್ಣು ಮಾಡಿ ತಿಂಗಳೂ ತುಂಬಿಲ್ಲ. ಆ ಮಾತು ತಪ್ಪು, ಸುಳ್ಳು ಕೂಡ. ಹೊಟ್ಟೆ ತುಂಬುತ್ತಿತ್ತು. ಮಿಕ್ಕಿದ್ದು ಮನೆಗೆ ಬರುತ್ತಿರಲಿಲ್ಲ, ಅಷ್ಟೆ.

ಅವರು ನಿನಗೆ ಕೀಸುಳಿ ಹಿಡಿಯಲು ಕಲಿಸಿದ್ದು, ಆ ಮೂರು ಕಾಲಿನ ಮಣೆ, ಗಡಾಯಿಕಲ್ಲು ಹತ್ತಿಸಿದ್ದು, ಇವೆಲ್ಲ ನಿನಗೇ ಗೊತ್ತಿವೆ, ಬಿಡು. ಗೊತ್ತಿಲ್ಲದ್ದು ಒಂದಿದೆ.

ಅಜ್ಜನ ಎಡ ಮಣಿಕಟ್ಟು ಏಕೆ ಸೊಟ್ಟ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ಪಾಚಿಗಟ್ಟಿದ ಹಂಚಿನ ಮೇಲೆ ಕಾಲು ಜಾರಿತು ಎಂದಿದ್ದರು. ನನ್ನ ಅಮ್ಮನಿಗೂ ಅದನ್ನೇ ಹೇಳಿದ್ದರು.

1975ರ ಮೇ ಕೊನೆ. ನನಗೆ 11 ವರ್ಷ. ಬೆಳ್ತಂಗಡಿಯಿಂದಾಚೆ, ಘಟ್ಟದ ಬುಡದಲ್ಲಿ ಒಂಟಿ ಹೆಂಗಸೊಬ್ಬರ ಮನೆ. ಮಳೆ ಹಿಡಿಯುವ ಮೊದಲು ಹಂಚು ಕೈಯಾಡಿಸಿ, ಮಾಡನ್ನು ಹೊರುವ ಓರೆ ಮರಗಳಲ್ಲಿ, ಅಂದರೆ ಪಕ್ಕಾಸುಗಳಲ್ಲಿ, ಗೆದ್ದಲು ತಿಂದ ನಾಲ್ಕನ್ನು ಬದಲಿಸಬೇಕಿತ್ತು. ಹೊಸ ಪಕ್ಕಾಸು ಕಿರಾಲುಬೋಗಿ ಮರದ್ದು, ಬಸ್ಸಿನ ಮೇಲೆ ಕಟ್ಟಿಕೊಂಡು ಹೋಗಿದ್ದೆವು. ಮರಕ್ಕೆಷ್ಟಾಯಿತು ಎಂದು ಆ ಹೆಂಗಸು ಕೇಳಿದಾಗ ಅಪ್ಪ, ಬೇರೆ ಮನೆಯ ಕೆಲಸದಲ್ಲಿ ಉಳಿದ ಮರ, ನಮ್ಮಲ್ಲಿ ಸುಮ್ಮನೆ ಬಿದ್ದಿತ್ತು ಎಂದರು. ಹಿಂದಿನ ದಿನ ಮಿಲ್ಲಿನಲ್ಲಿ ಅವರು ನೋಟು ಎಣಿಸಿ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆ ವರ್ಷ ಶಾಲೆ ಶುರುವಾದಾಗ ನನಗೆ ಹೊಸ ಕೊಡೆ ಸಿಗಲಿಲ್ಲ. ಅರುವತ್ತು ದಾಟಿದ ಮೇಲೂ ಕೊಡೆಯ ಲೆಕ್ಕ ಇಟ್ಟುಕೊಂಡಿದ್ದೇನೆ ಎಂದು ನಗಬೇಡ.

ಸೆಗಣಿ ಸಾರಿಸಿದ ಅಂಗಳ, ಬಿದಿರಿನ ಏಣಿ. ಬುಡ ಜಾರುತ್ತದೆ, ಎರಡೂ ಕೈಯಲ್ಲಿ ಒತ್ತಿ ಹಿಡಿ ಎಂದು ಹೇಳಿ ಅಪ್ಪ ತಲೆಯ ಮುಟ್ಟಾಳೆ ಸರಿಮಾಡಿಕೊಂಡು ಹತ್ತಿದರು. ಮೇಲಿನಿಂದ ಸಣ್ಣಗೆ ಹಾಡು ಕೇಳಿಸುತ್ತಿತ್ತು. ನಮ್ಮ ಕ್ರೈಸ್ತ ಸಭೆಯ ಆ ಜರ್ಮನ್ ರಾಗದ ಕನ್ನಡ ಸಂಗೀತಗಳನ್ನು ಅವರು ದೇವಾಲಯದಲ್ಲಿ ಹಾಡಿದ್ದಕ್ಕಿಂತ ಮಾಡಿನ ಮೇಲೆ ಹಾಡಿದ್ದೇ ಹೆಚ್ಚು. ನಡುವೆ ಒಂದು ಹಂಚು ಮಗುಚಿ, 1865ರದ್ದು ಸಿಕ್ಕಿತು ಎಂದು ಕೂಗಿದರು. ಹಾಗೆಂದರೆ ಆ ವರ್ಷ ಸುಟ್ಟದ್ದಲ್ಲ, ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷವನ್ನು ಬೆನ್ನಿಗೆ ಅಚ್ಚೊತ್ತುತ್ತಿದ್ದರು ಎಂದು ಕೂಡಲೇ ತಾವೇ ತಿದ್ದಿದರು. ಎತ್ತರದಲ್ಲಿ ನಿಂತು ಪಾಠ ಮಾಡುವ ಚಟ ಅವರದು. ನನಗದು ನೆಲದ ಮೇಲೆಯೇ ಬಂದಿದೆ.

ಇಳಿಯಲು ಅವರು ಏಣಿಗೆ ಕಾಲಿಟ್ಟಾಗ ಆ ಸದ್ದು ಬಂತು. ಉಗಿಬಂಡಿಯ ಹಾಗೆ ಭುಸ್ ಭುಸ್ ಎನ್ನುವ ರೆಕ್ಕೆಯ ಸದ್ದು, ದೊಡ್ಡ ಮಂಗಟ್ಟೆ ಹಕ್ಕಿ. ಈ ಸದ್ದಿಗೆ ಕಿವಿಗೊಡಲು ನನಗೆ ಕಲಿಸಿದವರು ಅವರೇ. ಬಂಡಾಜೆ ಜಲಪಾತದ ದಾರಿಯಲ್ಲಿ ಎರಡು ಸಲ ಗಂಟೆಗಟ್ಟಲೆ ಕಾದಿದ್ದೆವು, ಕಂಡಿರಲಿಲ್ಲ. ಹಳದಿ ಕೊಕ್ಕು ತೋಟದ ಮೇಲೆ ಹಾದು ಹೋಯಿತು. ನಾನು ಕೈ ಬಿಟ್ಟೆ. ಎರಡೂ ಕೈ.

ಐದು ಎಣಿಸುವಷ್ಟು ಹೊತ್ತು. ನಾನು ಎಣಿಸಿ ನೋಡಿದ್ದೇನೆ, ಎಷ್ಟೋ ರಾತ್ರಿ. ಒಂದೊಂದು ಸಲ ಮೂರೇ ಇರಬೇಕು ಅನ್ನಿಸುತ್ತದೆ. ಕೈ ಬಿಡದಿದ್ದರೂ ಆ ಏಣಿ ಜಾರುತ್ತಿತ್ತೇನೋ. 11 ವರ್ಷದ ಹುಡುಗನ ಬಲವೆಷ್ಟು? ಅವರೂ ತಲೆಯೆತ್ತಿ ನೋಡಿದ್ದರಲ್ಲವೇ? ಹೀಗೆ ನನ್ನ ಪರವಾಗಿ ನಾನೇ ವಾದಿಸಿ ನಾನೇ ಸೋಲುತ್ತೇನೆ. ಅಂಗಳದಲ್ಲಿ ಬಿದ್ದು, ಕೈ ಅಲ್ಲಾಡಿಸಲಾಗದೆ ಅವರು ಕೇಳಿದ ಮೊದಲ ಮಾತು: "ಕಂಡೆಯಾ?"

ಬೈಯಲಿಲ್ಲ. ಮುಂದೆ ಯಾರಾದರೂ ಅವರ ದಾನಧರ್ಮದ ಸುದ್ದಿ ಎತ್ತಿದರೆ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಯೇಸುಸ್ವಾಮಿ ಹೇಳಿದ್ದಾರೆ, ನನ್ನ ಎಡಗೈಗೆ ಈಗ ಏನೂ ತಿಳಿಯುವುದಿಲ್ಲ ಎಂದು ಸೊಟ್ಟ ಮಣಿಕಟ್ಟು ತೋರಿಸಿ ನಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ಎದ್ದು ಹೋಗುತ್ತಿದ್ದೆ. ಮರಗೆಲಸ ಬೇಡ, ಬ್ಯಾಂಕಿನ ಕೆಲಸವೇ ಸಾಕು ಎಂದು ನಾನು ತೀರ್ಮಾನಿಸಿದ್ದು ಆದಾಯ ನೋಡಿ ಎಂದು ಲೋಕ ತಿಳಿದಿದೆ. ನಿನ್ನ ಅಮ್ಮನೂ ಹಾಗೆಯೇ ತಿಳಿದಿದ್ದಾಳೆ. ನೀನು ಹಂಚಿನ ಮಾಡಿನ ಮಾತೆತ್ತಿದಾಗ ನನಗೆ ಕಂಡದ್ದು ಏಣಿ.

ಉಪದೇಶ ಮಾಡಬಾರದೆಂದುಕೊಂಡೇ ಕುಳಿತೆ. ಆದರೂ ಕೇಳು. ಕೂಲಿಯನ್ನು ಮೊದಲೇ ಮಾತಾಡು, ಬರೆದಿಟ್ಟುಕೋ. ಹಂಚು ಒದ್ದೆಯಿದ್ದರೆ ಯಾರ ಅವಸರಕ್ಕೂ ಹತ್ತಬೇಡ. ಹಂಚಿನಡಿಯ ತೆಳು ರೀಪಿನ ಮೇಲೆ ನಂಬಿಕೆಯಿಟ್ಟು ಭಾರ ಬಿಡಬೇಡ, ಪಕ್ಕಾಸು ಎಲ್ಲಿದೆ ನೋಡಿ ಕಾಲಿಡು. ಆರೋಗ್ಯ ವಿಮೆಯನ್ನು ಕಂಪನಿ ಕೊಟ್ಟಿದ್ದರೆ ಅದು ಕೆಲಸದ ಜೊತೆಗೇ ಹೋಗಿರುತ್ತದೆ, ಬೇರೆಯದನ್ನು ಈ ವಾರವೇ ಮಾಡಿಸು. ಭವಿಷ್ಯ ನಿಧಿಯ ಹಣ ಮುಟ್ಟಬೇಡ. ಕೊಡುವ ಕೈ ಇರಲಿ, ಬೇಡವೆನ್ನುವುದಿಲ್ಲ, ಆದರೆ ಮನೆಯವರಿಗೊಂದು ಕೊಡೆ ತಂದ ಮೇಲೆ. ನೋಡಿದೆಯಾ, ಮತ್ತೆ ಕೊಡೆ.

ಇನ್ನೊಂದು ವಿಷಯ. ಕೊಳ್ಳಲಾಗದವರಿಗೆ ಅವರು ಎಷ್ಟು ಶವಪೆಟ್ಟಿಗೆ ಮಾಡಿಕೊಟ್ಟರೋ ಲೆಕ್ಕವಿಲ್ಲ. ಅವರದನ್ನು ನಾನು ಅಂಗಡಿಯಿಂದ ತಂದೆ. ಸಭಾಪಾಲಕರು ತಂದೆಯ ಬಗ್ಗೆ ನಾಲ್ಕು ಮಾತು ಹೇಳಿ ಎಂದಾಗ ನನಗೆ ಬಾಯಿ ಬರಲಿಲ್ಲ. ಸದಾ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಮನುಷ್ಯ, ಆ ದಿನ ಎಲ್ಲರ ಮುಂದೆ ಮಲಗಿದ್ದರು. ನೀನು ನೀರು ತರಲು ಹೋಗಿದ್ದಾಗ ಗುರುತಿಲ್ಲದ ಮೂವರು ನನ್ನ ಕೈ ಹಿಡಿದು ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರು. ನಮ್ಮ ಮನೆಗೆ ಉಳಿದ ಮರ ಅಂತ ತಂದಿದ್ದರು ಎಂದು. ಒಬ್ಬ ಬಡಗಿಯ ಹತ್ತಿರ ಅಷ್ಟೊಂದು ಮರ ಹೇಗೆ ಉಳಿಯಿತು ಎಂದು ಅವರಿಗೂ ಹೊಳೆದಿರಬೇಕು.

ಪೆಟ್ಟಿಗೆಯನ್ನು ನಿನ್ನೆ ತೆರೆದೆ. ಉಳಿಗಳಿಗೆ ತುಕ್ಕು ಹತ್ತಿದೆ, ತೆಂಗಿನೆಣ್ಣೆ ಹಚ್ಚಿಟ್ಟಿದ್ದೇನೆ. ದೊಡ್ಡ ಕೊಡತಿಯ ಹಿಡಿ ಎಡಗೈ ಸೋತವರಿಗೆ ಹೊಂದುವಂತೆ ಕೆತ್ತಿದ್ದು, ನಿನಗೆ ಬೇರೆ ಹಾಕಿಸಬೇಕು. ಶನಿವಾರ ಬರುವುದಾದರೆ ರಾತ್ರಿ ಬಸ್ಸಿಗೆ ಬಾ, ಘಟ್ಟದಲ್ಲಿ ಮಳೆಯಿದೆ, ಕಿಟಕಿ ಪಕ್ಕ ಕೂರಬೇಡ. ಬರುವಾಗ ಒಳ್ಳೆಯ ಸಾಣೆಕಲ್ಲು ಒಂದು ತಾ. ಇಲ್ಲಿರುವುದು ನಡುವೆ ಸವೆದು ದೋಣಿಯಂತಾಗಿದೆ.

ನಿನ್ನ
ಅಪ್ಪ