ಮಗಳಿಗೊಂದು ಪತ್ರ: ಆ ಐದು ಪಟ್ಟಿ ಎಲ್ಲಿಂದ ಕತ್ತರಿಸಿದೆ?

ಪ್ರೀತಿಯ ಪುಟ್ಟಿ,

ದಾಳಿಂಬೆ ಸಿಪ್ಪೆಯ ಬಣ್ಣದ ಬಗ್ಗೆ ನೀನು ಬರೆದ ಸಂಶೋಧನಾ ಪೇಪರ್ ಎರಡು ಸಲ ಓದಿದೆ. ಮೊದಲ ಸಲ ಅಮ್ಮನಾಗಿ ಓದಿದೆ, ಒಂದು ತಪ್ಪೂ ಕಾಣಲಿಲ್ಲ. ಎರಡನೇ ಸಲ ಕೆಂಪು ಪೆನ್ನು ಹಿಡಿದು ಕೂತೆ. ಆಗ ಕಂಡದ್ದನ್ನು ಫೋನಿನಲ್ಲಿ ಹೇಳಿದರೆ ನೀನು ಹ್ಞೂಂಗುಟ್ಟಿ ಮರೆತುಬಿಡುತ್ತೀಯ. ಅದಕ್ಕೇ ಈ ಕಾಗದ. ಬೇಜಾರಾದರೆ ಅರ್ಧ ಓದಿ ಮಡಚಿಡು, ಮಿಕ್ಕಿದ್ದು ನಾಳೆ ಓದು.

"ಹತ್ತಿ ಬಟ್ಟೆಗೆ ದಾಳಿಂಬೆ ಸಿಪ್ಪೆಯ ಬಣ್ಣ ಹಾಕಲಾಯಿತು" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಈ ಸಾಲನ್ನು ನಂಬಿಕೊಂಡು ನಾನು ಬಣ್ಣ ಹಾಕಲು ಹೊರಟರೆ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತೇನೆ. ಯಾವ ಹತ್ತಿ ಬಟ್ಟೆ? ಚದರ ಮೀಟರಿಗೆ ಎಷ್ಟು ಗ್ರಾಂ ತೂಗುತ್ತದೆ? ಸಾದಾ ನೇಯ್ಗೆಯಾ, ಓರೆಗೆರೆ ಕಾಣುವ ಟ್ವಿಲ್ಲಾ? ಒಂದು ಸೆಂಟಿಮೀಟರಿಗೆ ಉದ್ದಕ್ಕೆ ಓಡುವ ಹಾಸಿನ ಎಳೆ ಎಷ್ಟು, ಅಡ್ಡ ಹೋಗುವ ಹೊಕ್ಕಿನ ಎಳೆ ಎಷ್ಟು? ಗಂಜಿ ತೆಗೆದಿದ್ದೀಯಾ? ಗಂಜಿ ಉಳಿದ ಬಟ್ಟೆ ಬಣ್ಣವನ್ನು ಒಂದೇ ಸಮ ಕುಡಿಯುವುದಿಲ್ಲ, ಅಲ್ಲೊಂದು ಇಲ್ಲೊಂದು ಮಚ್ಚೆ ಬೀಳುತ್ತದೆ. ಇದು ನಿನಗೂ ಗೊತ್ತು. ಗೊತ್ತಿರುವುದರಿಂದಲೇ ಬರೆಯಲು ಮರೆತಿದ್ದೀಯ.

ಆಮೇಲೆ ಸಿಪ್ಪೆ. ಒಣಗಿದ್ದಾ, ಹಸಿಯಾ? ಎಷ್ಟು ಸಿಪ್ಪೆಗೆ ಎಷ್ಟು ನೀರು, ಎಷ್ಟು ಹೊತ್ತು, ಎಷ್ಟು ಬಿಸಿ? ಬಣ್ಣ ಹಿಡಿಸಲು ಹಾಕುವ ಪಟಿಕ ಬಟ್ಟೆಯ ತೂಕದ ಶೇಕಡಾ ಎಷ್ಟು? ಅದನ್ನು ಬಣ್ಣಕ್ಕಿಂತ ಮೊದಲು ಹಾಕಿದೆಯಾ, ಜೊತೆಗಾ, ಆಮೇಲಾ? ಪಾತ್ರೆ ಯಾವುದು ಅಂತಲೂ ಬರೆ. ನಗಬೇಡ. ದಾಳಿಂಬೆ ಸಿಪ್ಪೆಯ ತುಂಬ ಟ್ಯಾನಿನ್ ಅನ್ನುವ ಒಗರು ವಸ್ತು. ಅದಕ್ಕೆ ಕಬ್ಬಿಣ ತಾಗಿದರೆ ಹಳದಿ ಹೋಗಿ ಬೂದು ಬರುತ್ತದೆ, ಕಬ್ಬಿಣ ಜಾಸ್ತಿಯಾದರೆ ಕಪ್ಪಿಗೇ ತಿರುಗುತ್ತದೆ. ಎಲ್ಲೋ ಕೂತ ಒಬ್ಬ ವಿದ್ಯಾರ್ಥಿ ಕಬ್ಬಿಣದ ಪಾತ್ರೆಯಲ್ಲಿ ಕುದಿಸಿ, ಬೂದು ಬಟ್ಟೆ ಹಿಡಿದುಕೊಂಡು, ನಿನ್ನ ಪೇಪರೇ ಸುಳ್ಳು ಅಂದುಕೊಳ್ಳಬಾರದು. ನಿನ್ನ ಮುಖ ನೋಡಿರದವರು, ನಿನಗೆ ಫೋನ್ ಮಾಡಿ ಕೇಳಲಾಗದವರು, ಬರೀ ನಿನ್ನ ಪೇಪರ್ ಓದಿ ಆ ಬಣ್ಣ ತರಬೇಕು. ನಾನು ಹೇಳಬೇಕೆಂದಿರುವುದು ಇದೊಂದೇ. ಮಿಕ್ಕಿದ್ದೆಲ್ಲ ಇದರ ಬಾಲ.

ಈಗ ನನ್ನ ಕಥೆ ಕೇಳು. ಇಷ್ಟು ದಿನ ನಿನಗೆ ಹೇಳಿರಲಿಲ್ಲ. ನನ್ನ ಮೊದಲ ಪೇಪರಿನಲ್ಲಿ ಬಟ್ಟೆಯ ಗಟ್ಟಿತನ, ಅಂದರೆ ಎಷ್ಟು ಎಳೆದರೆ ಹರಿಯುತ್ತದೆ ಅಂತ, ಅಳೆದಿದ್ದೆ. ಐದು ಪಟ್ಟಿ, ಒಂದೊಂದೂ 50 ಮಿಲಿಮೀಟರ್ ಅಗಲ, ಹಿಡಿಕೆಗಳ ನಡುವೆ 200 ಮಿಲಿಮೀಟರ್ ಉದ್ದ, ಎಲ್ಲ ಈ ಪರೀಕ್ಷೆಯ ಅಂತರರಾಷ್ಟ್ರೀಯ ನಿಯಮ ಐಎಸ್ಒ 13934-1ರಲ್ಲಿ ಹೇಳಿದ ಹಾಗೇ. ಐದರ ಫಲಿತಾಂಶವೂ ಎಷ್ಟು ಹತ್ತಿರ ಹತ್ತಿರ ಬಂದಿತ್ತು ಅಂದರೆ ನನಗೆ ಹೆಮ್ಮೆಯೋ ಹೆಮ್ಮೆ. ಪತ್ರಿಕೆಯ ಪರವಾಗಿ ಪೇಪರ್ ಪರಿಶೀಲಿಸುವ ರಿವ್ಯೂವರ್ ಒಂದೇ ಪ್ರಶ್ನೆ ಕೇಳಿದರು: "ಪಟ್ಟಿಗಳನ್ನು ಬಟ್ಟೆಯ ಯಾವ ಯಾವ ಜಾಗದಿಂದ ಕತ್ತರಿಸಿದ್ದೀರಿ?" ನಾನು ಬಟ್ಟೆಯ ಉದ್ದಕ್ಕೆ ಒಂದರ ಕೆಳಗೆ ಒಂದು ಕತ್ತರಿಸಿದ್ದೆ. ಕತ್ತರಿ ಓಡಿಸಲು ಸುಲಭ, ಬಟ್ಟೆಯೂ ಹಾಳಾಗುವುದಿಲ್ಲ. ಆದರೆ ಯೋಚಿಸು: ಐದು ಪಟ್ಟಿಯಲ್ಲೂ ಇದ್ದದ್ದು ಅದೇ ಹಾಸಿನ ಎಳೆಗಳು! ಐದು ಸಲ ಅಳೆದೆ ಅಂದುಕೊಂಡಿದ್ದೆ, ಒಂದೇ ಹಿಡಿ ನೂಲನ್ನು ಐದು ಸಲ ಎಳೆದಿದ್ದೆ. ಫಲಿತಾಂಶ ಹತ್ತಿರ ಬರದೆ ಇನ್ನೇನು ಬರುತ್ತದೆ? ಎರಡು ಪಟ್ಟಿಗಳಲ್ಲಿ ಒಂದೇ ಹಾಸಿನ ಎಳೆ ಬರಬಾರದು, ಅಂಚಿನಿಂದ 150 ಮಿಲಿಮೀಟರ್ ಒಳಗಿನ ಬಟ್ಟೆ ಬಳಸಬಾರದು ಅಂತ ಅದೇ ಐಎಸ್ಒದಲ್ಲಿ ಬರೆದಿದೆ. ಅಗಲದ ಮಾತು ಓದಿದ್ದೆ, ಉದ್ದದ ಮಾತು ಓದಿದ್ದೆ, ಇದರ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗಿದ್ದೆ. ಪಟ್ಟಿಗಳನ್ನು ಮೆಟ್ಟಿಲಿನ ಹಾಗೆ ಓರೆಯಾಗಿ ಗುರುತು ಹಾಕಿಕೊಂಡು ಎಲ್ಲ ಮೊದಲಿನಿಂದ ಮಾಡಿದೆ. ಈ ಸಲ ಅಂಕಿಗಳು ದೂರ ದೂರ ಬಂದವು. ನಿಜವಾದ ಬಟ್ಟೆ ಇರುವುದೇ ಹಾಗೆ.

ಆದ್ದರಿಂದ ಸರಾಸರಿಯ ಪಕ್ಕದಲ್ಲಿ ಏರುಪೇರು ಎಷ್ಟು ಅನ್ನುವುದನ್ನೂ ಹಾಕು. ನಿನ್ನ ಎರಡನೇ ಟೇಬಲ್‌ನಲ್ಲಿ ಬರೀ ಸರಾಸರಿ ಇದೆ. ಎಷ್ಟು ಪಟ್ಟಿ ಅಂತಲೂ ಇಲ್ಲ. ಹಿಡಿಕೆಯ ಬುಡದಲ್ಲೇ ಹರಿದ ಪಟ್ಟಿ ಇದ್ದರೆ ಅದನ್ನು ಏನು ಮಾಡಿದೆ ಅಂತ ಹೇಳು, ಮುಚ್ಚಿಡಬೇಡ.

ಪರೀಕ್ಷೆಗೆ ಮುಂಚೆ ಬಟ್ಟೆಯನ್ನು ಎಲ್ಲಿಟ್ಟಿದ್ದೆ ಅನ್ನುವುದೂ ಮುಖ್ಯ. 20 ಡಿಗ್ರಿ ಸೆಲ್ಸಿಯಸ್, ಶೇ. 65 ತೇವಾಂಶ, ಇದು ಜವಳಿ ಲ್ಯಾಬುಗಳು ಒಪ್ಪಿಕೊಂಡಿರುವ ಹವೆ. ಹತ್ತಿ ಆ ಹವೆಯಲ್ಲಿ ತನ್ನ ಒಣತೂಕದ ಶೇ. 8ರ ಆಸುಪಾಸು ನೀರು ಹೀರಿಕೊಂಡು ಕೂತಿರುತ್ತದೆ. ಪಾಲಿಯೆಸ್ಟರ್ ಶೇಕಡಾ ಅರ್ಧವನ್ನೂ ಮುಟ್ಟುವುದಿಲ್ಲ, ಶೇ. 0.4 ಅಷ್ಟೇ. ಇನ್ನೊಂದು ವಿಚಿತ್ರ, ಹತ್ತಿ ಒದ್ದೆಯಾದರೆ ಗಟ್ಟಿಯಾಗುತ್ತದೆ, ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ಒದ್ದೆಯಾದರೆ ಸೋಲುತ್ತದೆ. ಹಾಗಾಗಿ ಮಳೆಯ ದಿನ ಒಂದು ಪಟ್ಟಿ, ಬಿಸಿಲಿನ ದಿನ ಇನ್ನೊಂದು ಪಟ್ಟಿ ಎಳೆದು ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ನೀನು ಅಳೆದದ್ದು ಬಟ್ಟೆಯನ್ನಲ್ಲ, ಹವೆಯನ್ನು.

ಬಣ್ಣ ನಿಲ್ಲುವ ಪರೀಕ್ಷೆಯಲ್ಲೂ ಒಂದು ಎಡವಟ್ಟು ಆಗಿದೆ. "ತೊಳೆದಾಗ 4, ಬೆಳಕಿಗೆ 4, ಆದ್ದರಿಂದ ಎರಡರಲ್ಲೂ ಸಮಾನವಾಗಿ ಉತ್ತಮ" ಅಂತ ಬರೆದಿದ್ದೀಯ. ಅಯ್ಯೋ ಪುಟ್ಟಿ! ತೊಳೆಯುವ ಪರೀಕ್ಷೆಯಲ್ಲಿ ಬಣ್ಣ ಎಷ್ಟು ಬದಲಾಯಿತು ಅಂತ ಹೋಲಿಸಿ ನೋಡುವ ಬೂದು ಅಳತೆ 1ರಿಂದ 5ರವರೆಗೆ. ಬೆಳಕಿನ ಪರೀಕ್ಷೆಯ ನೀಲಿ ಉಣ್ಣೆಯ ಅಳತೆ 1ರಿಂದ 8ರವರೆಗೆ. ಐದಕ್ಕೆ ನಾಲ್ಕು ಬಂದವರು, ಎಂಟಕ್ಕೆ ನಾಲ್ಕು ಬಂದವರು ಒಂದೇನಾ? ರಿವ್ಯೂವರ್ ಇದನ್ನು ನೋಡಿದರೆ ಮಿಕ್ಕ ಅಂಕಿಗಳನ್ನೂ ಅನುಮಾನದಿಂದ ಓದುತ್ತಾರೆ.

ಬಣ್ಣದ ಫೋಟೋಗಳು ಚೆಂದ ಇವೆ. ಆದರೆ ಮೂರನೇ ಚಿತ್ರದ ಎಡಭಾಗ ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದು, ಬಲಭಾಗ ಕಿಟಕಿಯ ಹತ್ತಿರ ತೆಗೆದದ್ದು, ಅಲ್ವಾ? ನೆರಳು ನೋಡಿದರೆ ಗೊತ್ತಾಗುತ್ತದೆ. ಒಂದೇ ಬೆಳಕಿನಲ್ಲಿ ಎಲ್ಲವನ್ನೂ ಮತ್ತೆ ತೆಗೆ. ಹಾಗೆ ತೆಗೆದರೂ ಅದು ಕಣ್ಣಿಗೆ ಮಾತ್ರ, ಸಾಕ್ಷಿ ಆಗುವುದು ಬಣ್ಣ ಅಳೆಯುವ ಯಂತ್ರ ಕೊಟ್ಟ ಎಲ್, ಎ, ಬಿ ಅಂಕಿಗಳು. ಅವನ್ನು ಕೊಟ್ಟಿದ್ದೀಯ, ಭೇಷ್. ಯಾವ ಬೆಳಕು, ಎಷ್ಟು ಡಿಗ್ರಿ ನೋಟ ಅಂತ ಕೊಟ್ಟಿಲ್ಲ. ಹಗಲು ಬೆಳಕಿಗೆ ಸಮನಾದ ಡಿ65 ಮತ್ತು 10 ಡಿಗ್ರಿ ಇಟ್ಟು ಅಳೆದಿದ್ದರೆ ಅದನ್ನು ಬರೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರದ ಮೂಲೆಯಲ್ಲಿದ್ದ ಅಳತೆಯ ಗೆರೆಯನ್ನು ಕತ್ತರಿಸಿ ಕೆಳಗೆ "500 ಪಟ್ಟು" ಅಂತ ಬರೆದಿದ್ದೀಯ. ಪತ್ರಿಕೆಯವರು ಚಿತ್ರ ಚಿಕ್ಕದು ಮಾಡಿದ ತಕ್ಷಣ ಅದು 500 ಪಟ್ಟು ಆಗಿರುವುದಿಲ್ಲ. ಗೆರೆ ಇದ್ದರೆ ಚಿತ್ರದ ಜೊತೆ ಅದೂ ಚಿಕ್ಕದಾಗುತ್ತದೆ.

ಈಗ ಮೊದಲ ಪುಟ. "ಈ ಬಣ್ಣದ ಬಗ್ಗೆ ಯಾರೂ ಕೆಲಸ ಮಾಡಿಲ್ಲ" ಅನ್ನುವ ಸಾಲನ್ನು ಈಗಲೇ ಹೊಡೆದುಹಾಕು. ದಾಳಿಂಬೆ ಸಿಪ್ಪೆಯ ಮೇಲೆ ಬೇಕಾದಷ್ಟು ಪೇಪರುಗಳಿವೆ, ಓದಿದವರು ಮುಸಿಮುಸಿ ನಗುತ್ತಾರೆ. ನಿನ್ನ ಹೊಸತು ಬೇರೆಯೇ ಇದೆ, ಅದನ್ನು ಒಂಬತ್ತನೇ ಪುಟದಲ್ಲಿ ಹೂತಿಟ್ಟಿದ್ದೀಯ. ಒಮ್ಮೆ ಬಳಸಿದ ಬಣ್ಣದ ನೀರನ್ನು ಚೆಲ್ಲದೆ ಎರಡನೇ ಸಲ, ಮೂರನೇ ಸಲ ಬಳಸಿ, ಪ್ರತಿ ಸಲ ಬಣ್ಣ ಎಷ್ಟು ತಿಳಿಯಾಗುತ್ತಾ ಹೋಯಿತು ಅಂತ ಅಳೆದಿದ್ದೀಯಲ್ಲ, ಪೇಪರ್ ಅಂದರೆ ಅದು. ತಲೆಬರಹದಲ್ಲಿ ಬರಲಿ, ಸಾರಾಂಶದ ಎರಡನೇ ಸಾಲಿನಲ್ಲಿ ಅಂಕಿಯ ಸಮೇತ ಬರಲಿ. ಸಾರಾಂಶದಲ್ಲಿ ಐದು ಸಲ ಬಂದಿರುವ "ಪರಿಸರಸ್ನೇಹಿ"ಯನ್ನು ತೆಗೆದರೆ ಜಾಗವೂ ಸಿಗುತ್ತದೆ. ಸಿಪ್ಪೆಯಿಂದ ಬಂದ ಮಾತ್ರಕ್ಕೆ ಬಣ್ಣ ಪರಿಸರಕ್ಕೆ ಒಳ್ಳೆಯದಾಗುವುದಿಲ್ಲ. ಎಷ್ಟು ನೀರು ಕುದಿಸಿದೆ, ಎಷ್ಟು ಹೊತ್ತು ಉರಿ ಹಾಕಿದೆ, ಕೊನೆಗೆ ಚೆಲ್ಲಿದ ನೀರಿನಲ್ಲಿ ಏನಿತ್ತು, ಲೆಕ್ಕ ಕೊಡಲಾಗುವುದಿದ್ದರೆ ಆ ಪದ ಬಳಸು. ನೀರು ಉಳಿಸಿದ ಲೆಕ್ಕವಂತೂ ನಿನ್ನ ಹತ್ತಿರ ಇದೆ. ಅದನ್ನೇ ಲೀಟರಿನಲ್ಲಿ ಹೇಳಿಬಿಡು.

ಯಾವ ಪತ್ರಿಕೆಗೆ ಕಳಿಸಲಿ ಅಂತ ಕೇಳಿದ್ದೆ. ಹೆಸರಿನಲ್ಲಿ ಫ್ಯಾಷನ್ ಇದೆ ಅಂತ ಕಳಿಸಬೇಡ. 'ಫ್ಯಾಷನ್ ಥಿಯರಿ' 1997ರಲ್ಲಿ ಶುರುವಾದದ್ದು, ಉಡುಪು, ಮೈ, ಸಂಸ್ಕೃತಿ ಇವುಗಳ ವಿಚಾರ ಅಲ್ಲಿ. ನಿನ್ನ ಟೇಬಲ್‌ಗಳಿಗೆ ಅಲ್ಲಿ ಕೆಲಸವಿಲ್ಲ. 1910ರಿಂದ ಬರುತ್ತಿರುವ 'ಜರ್ನಲ್ ಆಫ್ ದಿ ಟೆಕ್ಸ್‌ಟೈಲ್ ಇನ್‌ಸ್ಟಿಟ್ಯೂಟ್', 'ಟೆಕ್ಸ್‌ಟೈಲ್ ರಿಸರ್ಚ್ ಜರ್ನಲ್' ಇವು ನೂಲು, ಬಟ್ಟೆ, ಬಣ್ಣದ ಕಡೆಯವು. 'ಫ್ಯಾಷನ್ ಆಂಡ್ ಟೆಕ್ಸ್‌ಟೈಲ್ಸ್' 2014ರಿಂದ ಬರುತ್ತಿದೆ, ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು, ಬಟ್ಟೆಯ ವಿಜ್ಞಾನವೂ ಉಡುಪಿನ ವಿಚಾರವೂ ಎರಡೂ ಬರುತ್ತವೆ. ಯಾವುದನ್ನೇ ಆರಿಸು, ಅದರ ಈಚಿನ ನಾಲ್ಕಾರು ಸಂಚಿಕೆ ತೆರೆದು ನಿನ್ನಂಥ ಕೆಲಸ ಅಲ್ಲಿ ಇದೆಯಾ ನೋಡು. ಇಲ್ಲದಿದ್ದರೆ ಸಂಪಾದಕರು ರಿವ್ಯೂವರ್ ತನಕವೂ ಒಯ್ಯದೆ ವಾಪಸ್ ಕಳಿಸುತ್ತಾರೆ. ಒಂದು ಸಲಕ್ಕೆ ಒಂದೇ ಪತ್ರಿಕೆ, ಇದರಲ್ಲಿ ಜಾಣತನ ಬೇಡ.

"ಮಾನ್ಯ ವಿದ್ವಾಂಸರೇ, ಐದೇ ದಿನದಲ್ಲಿ ಪ್ರಕಟಿಸುತ್ತೇವೆ" ಅಂತ ಮೇಲ್ ಬಂದರೆ ಅಳಿಸು. ಲೇಖಕರೇ ದುಡ್ಡು ಕೊಡಬೇಕಾದ ಒಳ್ಳೆಯ ಪತ್ರಿಕೆಗಳೂ ಇವೆ, ಅವು ಮೊತ್ತವನ್ನು ಮೊದಲೇ ಬಹಿರಂಗವಾಗಿ ಹೇಳಿರುತ್ತವೆ. ಎಷ್ಟು, ಯಾರು ಕೊಡುತ್ತಾರೆ, ರಿಯಾಯಿತಿ ಇದೆಯಾ, ಕಳಿಸುವ ಮೊದಲೇ ಕೇಳಿಕೋ.

ಹೆಸರುಗಳ ವಿಷಯ. ಯಾರು ಮೊದಲು, ಯಾರು ಆಮೇಲೆ ಅಂತ ಎಲ್ಲರೂ ಕೂತು ಈಗಲೇ ತೀರ್ಮಾನ ಮಾಡಿ. ಕ್ರೆಡಿಟ್ ಅನ್ನುವ ಪಟ್ಟಿಯಲ್ಲಿ 14 ಬಗೆಯ ಕೆಲಸಗಳಿವೆ, ಯಾರು ಏನು ಮಾಡಿದರು ಅಂತ ಅನೇಕ ಪತ್ರಿಕೆಗಳು ಅದರ ಪ್ರಕಾರ ಕೇಳುತ್ತವೆ. ಏನೂ ಮಾಡದ ದೊಡ್ಡವರ ಹೆಸರು ಸೇರಿಸುವ ಅಭ್ಯಾಸ ನನಗೆ ಇಷ್ಟವಿಲ್ಲ, ನಿನಗೆ ಕಷ್ಟವಾಗುತ್ತದೆ ಅಂತ ಗೊತ್ತಿದ್ದೂ ಹೇಳುತ್ತಿದ್ದೇನೆ. ಇಂಗ್ಲಿಷ್ ತಿದ್ದಲು ಎಐ ಬಳಸಿದ್ದರೆ ಪತ್ರಿಕೆಯ ನಿಯಮ ಓದಿ, ಕೇಳಿದಲ್ಲಿ ಹೇಳಿಬಿಡು. ಅದನ್ನು ಲೇಖಕ ಅಂತ ಮಾತ್ರ ಹಾಕುವಂತಿಲ್ಲ.

ರಿವ್ಯೂವರಿಗೆ ನೀನು ಯಾರು ಅಂತ ಗೊತ್ತಾಗಬಾರದು ಅನ್ನುವ ಪತ್ರಿಕೆಯಾದರೆ ಹೆಸರು, ವಿಳಾಸ, ಕೃತಜ್ಞತೆ ಎಲ್ಲ ಬೇರೆ ಪುಟದಲ್ಲಿ, ಬೇರೆ ಫೈಲಿನಲ್ಲಿ ಹೋಗಬೇಕು. ನಾಲ್ಕನೇ ಪುಟದಲ್ಲಿ "ನಮ್ಮ ಹಿಂದಿನ ಪೇಪರಿನಲ್ಲಿ ತೋರಿಸಿದಂತೆ" ಅಂತ ಇದೆ, ಅಲ್ಲೇ ಗುಟ್ಟು ರಟ್ಟಾಯಿತು. ವರ್ಡ್ ಫೈಲಿನ ಪ್ರಾಪರ್ಟೀಸಿನಲ್ಲೂ ನಿನ್ನ ಹೆಸರು ಕೂತಿದೆ, ನಾನು ನೋಡಿದೆ.

ಸಂಪಾದಕರಿಗೆ ಬರೆಯುವ ಪತ್ರ ಅರ್ಧ ಪುಟ ಸಾಕು. ಏನು ಮಾಡಿದ್ದೀಯ, ಏನು ಸಿಕ್ಕಿತು, ಅವರ ಓದುಗರಿಗೆ ಯಾಕೆ ಬೇಕು, ಬೇರೆಲ್ಲೂ ಕಳಿಸಿಲ್ಲ. ಅವರ ಪತ್ರಿಕೆಯನ್ನು ಸುಮ್ನೆ ಹೊಗಳಬೇಡ.

ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಬಂದಾಗ ರಿವ್ಯೂವರ್ ಮಾತು ಓದಿ ಮೈ ಉರಿಯುತ್ತದೆ. ಎರಡು ದಿನ ಉರಿಯಲಿ. ಮೂರನೇ ದಿನ ಅವರ ಒಂದೊಂದು ಮಾತನ್ನೂ ಹಾಗೇ ನಕಲು ಮಾಡಿ, ಅದರ ಕೆಳಗೆ ನಿನ್ನ ಉತ್ತರ, ಎಷ್ಟನೇ ಪುಟದ ಎಷ್ಟನೇ ಸಾಲು ಬದಲಾಯಿತು ಅಂತ ಬರೆ. ಅವರು ಹೇಳಿದ್ದು ತಪ್ಪು ಅನಿಸಿದರೆ ಒಪ್ಪಬೇಕಾಗಿಲ್ಲ, ಯಾಕೆ ಒಪ್ಪುವುದಿಲ್ಲ ಅಂತ ಕಾರಣ ಕೊಟ್ಟರೆ ಆಯಿತು. ಅವರಿಗೆ ಅರ್ಥವಾಗಿಲ್ಲ ಅಂತ ನಿನಗೆ ಅನಿಸುವ ಕಡೆ ಬಹಳ ಸಲ ನೀನು ಸರಿಯಾಗಿ ಬರೆದಿರುವುದಿಲ್ಲ. ನನ್ನದಂತೂ ಹಾಗೇ ಇತ್ತು.

ಬಣ್ಣ ಹಾಕಿದ ಬಟ್ಟೆ, ಬಣ್ಣ ಹಾಕದ ಅದೇ ಥಾನಿನ ಬಟ್ಟೆ, ಎರಡರದ್ದೂ ಒಂದೊಂದು ತುಂಡನ್ನು ದಪ್ಪ ಕವರಿನಲ್ಲಿ ಹಾಕಿ ಕತ್ತಲಲ್ಲಿ ಇಡು. ಮೇಲೆ ತಾರೀಖು ಬರೆ. ಆರು ತಿಂಗಳಾದ ಮೇಲೆ ಇನ್ನೊಂದು ಪರೀಕ್ಷೆ ಮಾಡಿ ಅಂದರೆ ಬಟ್ಟೆಗೆ ಎಲ್ಲಿಗೆ ಹೋಗುತ್ತೀಯ?

ನಿನ್ನ ಆ ಎರಡನೇ ಟೇಬಲ್ಲಿನ ಸರಾಸರಿಯ ಹಿಂದಿರುವ ಒಂದೊಂದು ಪಟ್ಟಿಯ ಅಂಕಿಯನ್ನೂ ಬಿಡಿಬಿಡಿಯಾಗಿ ನನಗೆ ಕಳಿಸು. ತುಂಬ ಹತ್ತಿರ ಹತ್ತಿರ ಇದ್ದರೆ ನನಗೆ ಅನುಮಾನ. ಅದಕ್ಕೂ ಮೊದಲು ಕತ್ತರಿಸಿ ಉಳಿದ ಬಟ್ಟೆಯನ್ನು ಹರಡಿ ಒಂದು ಫೋಟೋ ತೆಗೆ. ತೂತುಗಳು ಮೆಟ್ಟಿಲಿನ ಹಾಗಿವೆಯಾ, ಒಂದರ ಕೆಳಗೆ ಒಂದು ಇವೆಯಾ ನೋಡೋಣ.

ನಿನ್ನ
ಅಮ್ಮ